ಕದ್ದವರೇ ಅಂಗಡಿ ಇಟ್ಟರು: ನೈಜೀರಿಯಾ ಹಾಡಿನ ಹಿಂದಿನ ಕಥೆ

ರೆಮಾ 2023ರಲ್ಲಿ ಭಾರತಕ್ಕೂ ಬಂದು ಹಾಡಿ ಹೋದ. ನೈಜೀರಿಯಾದ ಬೆನಿನ್ ಸಿಟಿಯ ಹುಡುಗ. ಅಲ್ಲಿನ ಪಾಪ್ ಸಂಗೀತ ಆಫ್ರೋಬೀಟ್ಸ್ ಈಗ ಎಲ್ಲೆಲ್ಲೂ ಕೇಳುತ್ತದೆ, ಆದರೆ ಅದನ್ನು ಸಾಕಿದ್ದು ಯಾರು ಅಂತ ಹುಡುಕಿಕೊಂಡು ಹೋದರೆ ಸಿಗುವುದು ಸರ್ಕಾರವಲ್ಲ, ದೊಡ್ಡ ಕಂಪನಿಯೂ ಅಲ್ಲ. ಟಿವಿ, ರೇಡಿಯೊ ಮಾರುವ ಒಂದು ಸಂತೆ!

1970ರ ದಶಕದಲ್ಲಿ ನೈಜೀರಿಯಾದಲ್ಲಿ ಕಚ್ಚಾ ಎಣ್ಣೆಯ ದುಡ್ಡು ಹರಿಯುತ್ತಿತ್ತು. ಇಎಂಐ, ಡೆಕ್ಕಾ ಅನ್ನುವ ವಿದೇಶಿ ರೆಕಾರ್ಡ್ ಕಂಪನಿಗಳು ಅಲ್ಲಿನ ದೊಡ್ಡ ನಗರ ಲಾಗೋಸಿನಲ್ಲೇ ಇದ್ದವು. ಕಿಂಗ್ ಸನ್ನಿ ಅಡೆ, ಎಬೆನೆಜರ್ ಒಬೆ ರೆಕಾರ್ಡುಗಳು ಭರ್ಜರಿ ಓಡಿದವು. ಆಮೇಲೆ ಎಣ್ಣೆ ಬೆಲೆ ಬಿತ್ತು, 1986ರಲ್ಲಿ ಅಲ್ಲಿನ ನಾಣ್ಯ ನೈರಾ ಕುಸಿಯಿತು, ಹೊರಗಿನಿಂದ ತರಿಸುವುದೆಲ್ಲ ದುಬಾರಿಯಾಯಿತು. ವಿದೇಶಿ ಕಂಪನಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು.

ಆ ಖಾಲಿ ಜಾಗಕ್ಕೆ ನುಗ್ಗಿದ್ದೇ ಲಾಗೋಸಿನ ಅಲಾಬಾ ಮಾರ್ಕೆಟ್, ಅದೇ ಟಿವಿ, ರೇಡಿಯೊ ಸಂತೆ. ಮೊದಲು ಕ್ಯಾಸೆಟ್, ಆಮೇಲೆ ಸಿಡಿ, ಎಲ್ಲ ನಕಲಿ. ವಿಚಿತ್ರ ಏನಂದರೆ, ದೇಶದ ಮೂಲೆಮೂಲೆಗೆ ಮಾಲು ಮುಟ್ಟಿಸುವ ಜಾಲ ಇದ್ದದ್ದು ಈ ಕಳ್ಳರ ಕೈಯಲ್ಲೇ. ಹಾಗಾಗಿ ಹಾಡುಗಾರರು ಬೈದುಕೊಂಡೇ ಅವರ ಬಾಗಿಲಿಗೆ ಹೋದರು. ವ್ಯಾಪಾರಿ ಒಂದೇ ಸಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಆಲ್ಬಮ್ ತೆಗೆದುಕೊಳ್ಳುತ್ತಿದ್ದ. ಆಮೇಲೆ ಎಷ್ಟು ಮಾರಿದ? ಅದು ಅವನಿಗೇ ಗೊತ್ತು. ಡಿಜೆಗಳು ಹತ್ತಾರು ಹಾಡು ಬೆರೆಸಿ ಮಾಡಿದ ಸಿಡಿಗಳನ್ನು ಟ್ರಾಫಿಕ್‌ನಲ್ಲಿ ನಿಂತ ಕಾರುಗಳ ಕಿಟಕಿಗೆ ಹಿಡಿದು ಮಾರುತ್ತಿದ್ದರು. ಅದರಲ್ಲಿ ತಮ್ಮ ಹಾಡೂ ಇರಲಿ ಅಂತ ಹೊಸ ಹುಡುಗರೇ ಕೈಯಿಂದ ಕಾಸು ಕೊಡುತ್ತಿದ್ದರು. ಕಳ್ಳನಿಗೆ ಎದುರು ಸಂಬಳ, ಅಲ್ವಾ?

2001ರಲ್ಲಿ ಮೊಬೈಲ್ ಬಂತು. ಕಾಲರ್ ಟ್ಯೂನಿನಿಂದ ನಾಲ್ಕು ಕಾಸು ಬರತೊಡಗಿತು, ಆದರೆ ದೊಡ್ಡ ಪಾಲು ಫೋನ್ ಕಂಪನಿಗಳಿಗೇ ಹೋಯಿತು, ಲೆಕ್ಕವೂ ಅವರದೇ. 2015ರಲ್ಲಿ ಹಾಡು ಕೇಳುವ ಆ್ಯಪ್ ಬೂಮ್‌ಪ್ಲೇ, ಟೆಕ್ನೋ ಕಂಪನಿಯ ಫೋನುಗಳಲ್ಲಿ ಮೊದಲೇ ಕೂತು ಬಂತು. 2021ರಲ್ಲಿ ಸ್ಪಾಟಿಫೈ. 1988ರ ಕಾಪಿರೈಟ್ ಕಾನೂನು ಬದಲಾಗಿ ಇಂಟರ್‌ನೆಟ್‌ಗೂ ಹೊಂದುವ ಹೊಸದು ಬಂದದ್ದು 2023ರಲ್ಲಿ. ತಡ ಆಯಿತು, ಆದರೂ ಈಗ ಈ ಆ್ಯಪ್‌ಗಳಲ್ಲಿ ಯಾವ ಹಾಡು ಎಷ್ಟು ಸಲ ಓಡಿತು ಅಂತ ಹಾಡಿದವನಿಗೂ ಕಾಣುತ್ತದೆ. ನನ್ನ ಮಟ್ಟಿಗೆ ನಿಜವಾಗಿ ಬದಲಾದದ್ದು ಇದೊಂದೇ.

ದುಡ್ಡಿನ ಮಾತು ಬೇರೆ. ನೈಜೀರಿಯಾದಲ್ಲಿ ಈ ಆ್ಯಪ್‌ಗಳ ಚಂದಾ ಕಡಿಮೆ, ಅದೂ ನೈರಾದಲ್ಲಿ. ಹಾಗಾಗಿ ಲಾಗೋಸಿನವರು ಒಂದು ಸಲ ಕೇಳಿದರೆ ಸಿಗುವುದಕ್ಕಿಂತ ಲಂಡನ್ನಿನವರು ಕೇಳಿದರೆ ಜಾಸ್ತಿ ಸಿಗುತ್ತದೆ. ದೊಡ್ಡ ಹೆಸರಿನವರೆಲ್ಲ ಅತ್ತಲೇ ಓಡುತ್ತಾರೆ. 2023ರ ಜೂನ್‌ನಲ್ಲಿ ನೈಜೀರಿಯಾದ ಹಾಡುಗಾರ ಬರ್ನಾ ಬಾಯ್ ಹಾಡಿದ್ದು ಲಂಡನ್ ಸ್ಟೇಡಿಯಂನಲ್ಲಿ, ಟಿಕೆಟ್ ಪೌಂಡಿನಲ್ಲಿ. ಲಾಗೋಸಿನಲ್ಲಿ ಡಿಸೆಂಬರ್ ಬಂದರೆ ಎಷ್ಟೋ ದೊಡ್ಡ ಕಾರ್ಯಕ್ರಮಗಳು ನಡೆಯುವುದು ಇವತ್ತಿಗೂ ಒಂದು ಹೋಟೆಲಿನ ಹಾಲ್‌ನಲ್ಲಿ.