ಕಾಫಿ ಬೇಡ, ಟೀ ಕೊಡು

ರಾತ್ರಿ ಊಟ ಆದಮೇಲೆ ಕಾಫಿ ಬೇಕಾ ಅಂತ ಕೇಳಿದರೆ ನಮ್ಮ ಅತ್ತೆ ಗಾಬರಿಯಾಗುತ್ತಾರೆ. “ಅಯ್ಯೋ ಬೇಡಪ್ಪ, ನಿದ್ದೆ ಬರಲ್ಲ. ಒಂದು ಲೋಟ ಟೀ ಕೊಡು ಸಾಕು.” ನಿದ್ದೆ ಓಡಿಸುವ ಕೆಫೀನ್ ಇರೋದು ಕಾಫಿಯಲ್ಲಿ, ಟೀಯಲ್ಲಿರೋದು ಬೇರೇನೋ ಅಂತ ಅವರ ನಂಬಿಕೆ. ಒಂದು ಕಾಲದಲ್ಲಿ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು.

1819ರಲ್ಲಿ ರುಂಗ ಎಂಬ ಜರ್ಮನ್ ಯುವಕ ಒಂದು ಬೆಕ್ಕನ್ನು ಎತ್ತಿಕೊಂಡು ಕವಿ ಗಯಟೆಯ ಬಳಿ ಹೋದ. ಬೆಲಡೋನ ಗಿಡದ ರಸ ಬಿಟ್ಟ ಅದರ ಕಣ್ಣಿನ ಪಾಪೆ ಅಗಲವಾಗಿತ್ತು. ಅದನ್ನು ನೋಡಿ ಖುಷಿಯಾದ ಗಯಟೆ ಕಾಫಿ ಬೀಜಗಳನ್ನು ಕೊಟ್ಟು, ಇದನ್ನೂ ಪರೀಕ್ಷೆ ಮಾಡು ಅಂದರು. ರುಂಗ ಅದರಿಂದ ಬೇರ್ಪಡಿಸಿದ ವಸ್ತುವೇ ಕೆಫೀನ್. 1827ರಲ್ಲಿ ಟೀ ಎಲೆಯಿಂದಲೂ ಒಂದು ವಸ್ತು ಸಿಕ್ಕಿ, ಅದಕ್ಕೆ ಥೀನ್ ಅಂತ ಹೆಸರಾಯಿತು. ಎರಡೂ ಒಂದೇ ಅಂತ ಗೊತ್ತಾಗಿದ್ದು 1838ರಲ್ಲಿ.

ಒಣ ಟೀ ಎಲೆಯಲ್ಲಿ ಶೇ. 2ರಿಂದ 4ರಷ್ಟು ಕೆಫೀನ್ ಇರುತ್ತದೆ. ಅರೇಬಿಕಾ ಕಾಫಿ ಬೀಜದಲ್ಲಿ ಸುಮಾರು ಶೇ. 1.2, ರೊಬಸ್ಟಾದಲ್ಲಿ ಶೇ. 2ಕ್ಕೂ ಜಾಸ್ತಿ. ಆದರೆ ಒಂದು ಲೋಟಕ್ಕೆ ಟೀ ಪುಡಿ ಬೇಕಾಗೋದು ಚಿಟಿಕೆಯಷ್ಟು, ಕಾಫಿ ಪುಡಿ ಅದರ ಹಲವು ಪಟ್ಟು. ಹಾಗಾಗಿ ಟೀ ಲೋಟದಲ್ಲಿ ಕೆಫೀನ್ ಕಮ್ಮಿ, ಅಷ್ಟೇ. ಇಲ್ಲವೇ ಇಲ್ಲ ಅಂತಲ್ಲ.

ಇನ್ನು ಬಣ್ಣ ನೋಡಿ ಮೋಸ ಹೋಗಬೇಡಿ. ಪುಡಿ ಅಂಗಡಿಯಲ್ಲಿ “ಚಿಕೋರಿ ಎಷ್ಟು ಹಾಕಲಿ?” ಅಂತ ಕೇಳುತ್ತಾರಲ್ಲ, ಆ ಚಿಕೋರಿ ಒಂದು ಗಿಡದ ಹುರಿದ ಬೇರು. ಅದರಲ್ಲಿ ಕೆಫೀನ್ ಒಂದು ಚೂರೂ ಇಲ್ಲ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯಿತು ಅಂದಮಾತ್ರಕ್ಕೆ ಕಾಫಿ ಸ್ಟ್ರಾಂಗ್ ಅಲ್ಲ. ಎಲೆ ಅಡಿಕೆಯ ಚುರುಕೂ ಕೆಫೀನ್‌ನದಲ್ಲ, ಅದು ಅರೆಕೋಲಿನ್ ಎಂಬ ಬೇರೆಯೇ ವಸ್ತುವಿನದು. ಆದರೆ ಅದೇ ಅಡಿಕೆ ತೋಟದ ನೆರಳಲ್ಲಿ ಬೆಳೆಯುವ ಕೊಕೊದಲ್ಲಿ ಕೆಫೀನ್ ಇದೆ. ಮಕ್ಕಳು ತಿನ್ನುವ ಚಾಕೊಲೇಟಿಗೆ ಅಷ್ಟಿಷ್ಟು ಬರೋದು ಅಲ್ಲಿಂದಲೇ.

ಸರಿ, ಈ ಕೆಫೀನ್ ನಿದ್ದೆ ಓಡಿಸೋದು ಹೇಗೆ? ರಶ್ಶಾದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ನೋಡಿದ್ದೀರಲ್ಲ? ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಕೂತರೆ ನಮಗೆ ಮಂಪರು. ಕೆಫೀನ್‌ನ ಆಕಾರ ಅಡೆನೊಸಿನ್‌ನಂತೆಯೇ ಇದೆ, ಹಾಗಾಗಿ ಟವೆಲಿನ ಹಾಗೆ ಹೋಗಿ ಆ ಸೀಟಿನಲ್ಲಿ ಬೀಳುತ್ತದೆ. ಆದರೆ ಟವೆಲ್ ಪ್ರಯಾಣ ಮಾಡುವುದಿಲ್ಲ, ಸುಮ್ನೆ ಜಾಗ ಹಿಡಿದಿರುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿಲ್ಲ, ನಿಂತೇ ಇದೆ. ಸಾಲ ಕೇಳಲು ಬಂದವನಿಗೆ “ಯಜಮಾನರು ಮನೆಯಲ್ಲಿಲ್ಲ” ಅಂದಹಾಗೆ ಇದು, ಸಾಲ ತೀರಿಲ್ಲ. ಟವೆಲ್ ತೆಗೆದ ಕೂಡಲೇ ನಿಂತವರೆಲ್ಲ ಒಟ್ಟಿಗೆ ಕೂರುತ್ತಾರೆ, ಸುಸ್ತು ಅಮರಿಕೊಳ್ಳುತ್ತದೆ. ಟವೆಲ್ ಬೇಗ ತೆಗೆಯೋದೂ ಇಲ್ಲ. ರಕ್ತದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಅತ್ತೆ ಒಂಬತ್ತಕ್ಕೆ ಕುಡಿದ ಟೀಯ ಅರ್ಧ ಕೆಫೀನ್ ರಾತ್ರಿ ಎರಡಕ್ಕೂ ಮೈಯಲ್ಲಿರುತ್ತದೆ. ಅವರಿಗೆ ನಾನು ಕೊಡೋದು ಈಗ ಕೊತ್ತಂಬರಿ-ಜೀರಿಗೆ ಕಷಾಯ.

ನನಗೆ ಬೆರಗು ಹುಟ್ಟಿಸೋದು ಇನ್ನೊಂದು ಸಂಗತಿ. ಕಾಫಿ, ಟೀ, ಕೊಕೊ ಹತ್ತಿರದ ನೆಂಟರೇ ಅಲ್ಲ. ಕಾಫಿ ಗಿಡ ಕೆಫೀನ್ ಮಾಡೋದನ್ನು ತಾನೇ ಬೇರೆಯಾಗಿ ಕಲಿತಿದೆ ಅಂತ 2014ರಲ್ಲಿ ಅದರ ಜೀನುಗಳನ್ನೆಲ್ಲ ಓದಿದವರು ತೋರಿಸಿದರು. ಗಿಡಗಳಿಗೆ ಇದರಿಂದ ಏನು ಲಾಭ? ಎಲೆ ತಿನ್ನುವ ಹುಳುಗಳಿಗೆ ಕೆಫೀನ್ ವಿಷ. ಆದರೆ ಹೂವಿನ ಮಕರಂದದಲ್ಲಿ ಅದೇ ವಿಷ ತೀರಾ ಸಣ್ಣ ಪ್ರಮಾಣದಲ್ಲಿದೆ, ಕಾಫಿ ಹೂವಲ್ಲೂ ಕಿತ್ತಳೆ ಜಾತಿಯ ಹೂವಲ್ಲೂ. ಒಂದು ಹೂವಿನ ವಾಸನೆ ತೋರಿಸಿ, ಅಷ್ಟು ಕೆಫೀನ್ ಬೆರೆಸಿದ ಸಕ್ಕರೆ ನೀರು ಕುಡಿಸಿದ ಜೇನುಹುಳುಗಳಲ್ಲಿ, ಒಂದು ದಿನ ಕಳೆದ ಮೇಲೂ ಆ ವಾಸನೆ ನೆನಪಿಟ್ಟುಕೊಂಡವು, ಬರೀ ಸಕ್ಕರೆ ನೀರು ಕುಡಿದವುಗಳಿಗಿಂತ ಮೂರು ಪಟ್ಟು ಜಾಸ್ತಿ. 2013ರಲ್ಲಿ ಪ್ರಕಟವಾದ ಪ್ರಯೋಗ ಇದು. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಕಾಫಿ ಹೂವರಳಿಸುವ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಆಗ ಒಂದು ಕೊಂಬೆಯ ಪಕ್ಕ ಸುಮ್ಮನೆ ನಿಂತು ನೋಡಿ. ಹೂವು ನಾಲ್ಕು ದಿನವೂ ನಿಲ್ಲುವುದಿಲ್ಲ. ಅಷ್ಟರಲ್ಲೇ ಜೇನುಗಳು ಮತ್ತೆ ಮತ್ತೆ ಅಲ್ಲಿಗೇ ಬಂದು ಕೂರುತ್ತಿರುತ್ತವೆ.