ಕೊಳವೆಮಾರ್ಗದ ತುದಿಯಲ್ಲಿ ಕಾದವರು: ಕುರ್ದಿಸ್ತಾನದ ತೈಲ ರಫ್ತು ಮತ್ತು ಸಣ್ಣ ಷೇರುದಾರರು

ಲಂಡನ್ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ತಮ್ಮ ಮುಖ್ಯ ಪ್ರಕಟಣೆಗಳನ್ನು ಸಾಮಾನ್ಯವಾಗಿ ಬೆಳಿಗ್ಗೆ 7 ಗಂಟೆಗೆ ಹೊರಡಿಸುತ್ತವೆ. ವಹಿವಾಟು ಶುರುವಾಗುವುದು 8 ಗಂಟೆಗೆ. ಗಲ್ಫ್ ಕೀಸ್ಟೋನ್ ಪೆಟ್ರೋಲಿಯಂ ಎಂಬ ಕಂಪನಿಯ ಷೇರು ಇಟ್ಟುಕೊಂಡಿದ್ದ ಸಣ್ಣ ಹೂಡಿಕೆದಾರರಿಗೆ 2023ರ ಮಾರ್ಚ್ ಕೊನೆಯಿಂದ 2025ರ ಸೆಪ್ಟೆಂಬರ್ ಕೊನೆಯವರೆಗೆ ಈ ಒಂದು ಗಂಟೆಯಲ್ಲಿ ತಿಳಿಯಬೇಕಾಗಿದ್ದದ್ದು ಒಂದೇ ವಿಷಯ: ಕೊಳವೆಮಾರ್ಗ ತೆರೆಯಿತೇ, ಇಲ್ಲವೇ? ಇರಾಕಿನ ಕುರ್ದಿಸ್ತಾನದ ಕಚ್ಚಾ ತೈಲವನ್ನು ಟರ್ಕಿಯ ಜೇಹಾನ್ ಬಂದರಿಗೆ ಒಯ್ಯುವ ಆ ಮಾರ್ಗ ಒಟ್ಟು 917 ದಿನ ಮುಚ್ಚಿತ್ತು. ಬಾವಿಯಲ್ಲಿ ತೈಲವಿತ್ತು, ಯಂತ್ರಗಳು ಸುಸ್ಥಿತಿಯಲ್ಲಿದ್ದವು, ಕೊಳ್ಳುವವರೂ ಇದ್ದರು. ಆದರೂ ಒಂದು ಬ್ಯಾರಲ್ ಕೂಡ ಆ ಮಾರ್ಗದಲ್ಲಿ ಸಮುದ್ರ ತಲುಪಲಿಲ್ಲ. ಹೀಗೇಕಾಯಿತು ಎಂಬುದನ್ನು ತಿಳಿಯಲು ಭೂಗರ್ಭಶಾಸ್ತ್ರ ಬೇಕಿಲ್ಲ, ಸಂವಿಧಾನದ ಒಂದು ಪದವನ್ನು ಎರಡು ಬಗೆಯಲ್ಲಿ ಓದಿದ ಚರಿತ್ರೆ ಗೊತ್ತಿದ್ದರೆ ಸಾಕು.

1927ರಲ್ಲಿ ಕಿರ್ಕುಕ್ ಬಳಿ ತೈಲ ಚಿಮ್ಮಿದ್ದು, 1973ರಲ್ಲಿ ಇರಾಕ್ ಮತ್ತು ಟರ್ಕಿ ಕೊಳವೆಮಾರ್ಗದ ಒಪ್ಪಂದಕ್ಕೆ ಸಹಿ ಹಾಕಿದ್ದು, 1977ರಲ್ಲಿ ತೈಲ ಹರಿಯಲಾರಂಭಿಸಿದ್ದು, ಯುದ್ಧ ಮತ್ತು ನಿರ್ಬಂಧಗಳ ನಡುವೆ ಅದು ನಿಂತು ಹರಿದು ಮತ್ತೆ ನಿಂತು 2003ರಲ್ಲಿ ಸದ್ದಾಂ ಆಡಳಿತ ಕುಸಿದದ್ದು, ಇಷ್ಟೂ ಈ ಕಥೆಯ ಪೂರ್ವಭಾಗ. ಇಂದಿನ ಕಗ್ಗಂಟಿನ ಮೊದಲ ಎಳೆ ಇರುವುದು 2005ರ ಸಂವಿಧಾನದಲ್ಲಿ. ತೈಲ ಮತ್ತು ಅನಿಲವು ಎಲ್ಲ ಪ್ರಾಂತಗಳ ಸಮಸ್ತ ಇರಾಕಿ ಜನರ ಸ್ವತ್ತು ಎಂದು ಅದರ 111ನೆಯ ವಿಧಿ ಹೇಳುತ್ತದೆ. ‘ಈಗಿರುವ’ ತೈಲಕ್ಷೇತ್ರಗಳಿಂದ ತೆಗೆದ ಸಂಪತ್ತನ್ನು ಒಕ್ಕೂಟ ಸರ್ಕಾರವು ಉತ್ಪಾದಕ ಪ್ರಾಂತಗಳ ಜೊತೆ ಸೇರಿ ನಿರ್ವಹಿಸಬೇಕು ಎನ್ನುವುದು 112ನೆಯ ವಿಧಿ. ಹಾಗಿದ್ದರೆ ಮುಂದೆ ಸಿಗುವ ಕ್ಷೇತ್ರಗಳು ಯಾರ ಅಧಿಕಾರಕ್ಕೆ ಸೇರುತ್ತವೆ? ಅವು ತಮ್ಮವು ಎಂದು ಸ್ವಾಯತ್ತ ಕುರ್ದಿಸ್ತಾನದ ರಾಜಧಾನಿ ಎರ್ಬಿಲ್‌ನ ಪ್ರಾಂತೀಯ ಸರ್ಕಾರ ಓದಿಕೊಂಡಿತು. ಸಮಸ್ತ ಜನರ ಸ್ವತ್ತಿನಲ್ಲಿ ಹಳತು ಹೊಸತೆಂಬ ಭೇದವಿಲ್ಲ ಎಂದು ಬಾಗ್ದಾದ್‌ನ ಒಕ್ಕೂಟ ಸರ್ಕಾರ ಓದಿಕೊಂಡಿತು. ಈ ಗೊಂದಲ ಬಗೆಹರಿಸಬೇಕಿದ್ದ ಒಕ್ಕೂಟದ ತೈಲ ಕಾಯ್ದೆಯ ಕರಡು 2007ರಲ್ಲಿ ಸಿದ್ಧವಾದರೂ ಸಂಸತ್ತಿನಲ್ಲಿ ಅಂಗೀಕಾರವಾಗದೆ ನನೆಗುದಿಗೆ ಬಿತ್ತು. ಅದೇ ವರ್ಷ ಎರ್ಬಿಲ್ ತನ್ನದೇ ತೈಲ ಕಾಯ್ದೆ ಮಾಡಿಕೊಂಡು ವಿದೇಶಿ ಕಂಪನಿಗಳನ್ನು ಕರೆಯಿತು.

ಕರೆದ ರೀತಿಯೂ ಮುಖ್ಯ. ದಕ್ಷಿಣದ ದೈತ್ಯ ಕ್ಷೇತ್ರಗಳಲ್ಲಿ ಬಾಗ್ದಾದ್ ಕೊಟ್ಟದ್ದು ಸೇವಾ ಗುತ್ತಿಗೆ. 2009ರಲ್ಲಿ ರುಮೈಲಾ ಕ್ಷೇತ್ರಕ್ಕೆ ನಿಗದಿಯಾದ ಶುಲ್ಕ, ಹೆಚ್ಚುವರಿಯಾಗಿ ತೆಗೆದ ಪ್ರತಿ ಬ್ಯಾರಲ್‌ಗೆ 2 ಡಾಲರ್. ಅಲ್ಲಿ ತೈಲ ದೇಶದ್ದಾಗಿಯೇ ಉಳಿಯುತ್ತದೆ, ತೆಗೆದುಕೊಟ್ಟವರಿಗೆ ಕೂಲಿ ಸಿಗುತ್ತದೆ. ಎರ್ಬಿಲ್ ಕೊಟ್ಟದ್ದು ಉತ್ಪಾದನಾ ಹಂಚಿಕೆ ಒಪ್ಪಂದ. ಇಲ್ಲಿ ಕಂಪನಿಯು ಮೊದಲು ತನ್ನ ಖರ್ಚನ್ನು ತೈಲದಲ್ಲೇ ವಸೂಲು ಮಾಡಿಕೊಂಡು, ಉಳಿದದ್ದರಲ್ಲಿ ಲಾಭದ ಪಾಲನ್ನೂ ಪಡೆಯುತ್ತದೆ. ತೈಲ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ನೆಲದಲ್ಲಿ ಸ್ವಂತ ದುಡ್ಡು ಸುರಿಯುವವರಿಗೆ ಈ ಬಗೆಯ ಒಪ್ಪಂದ ಬೇಕಾಗುತ್ತದೆ ಎಂಬುದು ಒಂದು ವಾದ. ಜನರ ಸ್ವತ್ತನ್ನು ಹೀಗೆ ಪಾಲು ಮಾಡುವ ಅಧಿಕಾರ ಒಂದು ಪ್ರಾಂತಕ್ಕೆ ಎಲ್ಲಿಂದ ಬಂತು ಎಂಬುದು ಇನ್ನೊಂದು. ಮುಂದಿನ ಹದಿನೆಂಟು ವರ್ಷಗಳ ಜಗಳದ ತಿರುಳು ಇಷ್ಟೇ.

ಎರ್ಬಿಲ್ ಜೊತೆ ಸಹಿ ಹಾಕಿದವರಿಗೆ ದಕ್ಷಿಣದಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಬಾಗ್ದಾದ್ ಎಚ್ಚರಿಸಿದ್ದರಿಂದ ದೊಡ್ಡ ಕಂಪನಿಗಳು ಮೊದಮೊದಲು ಹಿಂದೆ ಸರಿದವು. 2011ರಲ್ಲಿ ಎಕ್ಸಾನ್ ಮೊಬಿಲ್ ಸಹಿ ಹಾಕುವವರೆಗೆ ಈ ನೆಲದಲ್ಲಿ ಹೆಚ್ಚಾಗಿ ಕೆಲಸ ಮಾಡಿದವು ನಾರ್ವೆಯ ಡಿಎನ್‌ಒ ಥರದ ಸಣ್ಣ, ಮಧ್ಯಮ ಗಾತ್ರದ ಕಂಪನಿಗಳು. ಇವುಗಳಲ್ಲಿ ಹಲವು ತಮ್ಮ ಬಂಡವಾಳವನ್ನು ಷೇರುಪೇಟೆಯಿಂದಲೇ ಎತ್ತಬೇಕಿತ್ತು. ದೊಡ್ಡವರು ಹೊರಲು ಒಲ್ಲದ ಕಾನೂನಿನ ಅಪಾಯ ಹೀಗೆ ಚೂರುಚೂರಾಗಿ ಸಾಮಾನ್ಯ ಉಳಿತಾಯದಾರರ ಖಾತೆ ಸೇರಿತು. ಇದನ್ನು ಯಾರೂ ಮುಚ್ಚಿಡಲಿಲ್ಲ, ಅಪಾಯಗಳ ಪಟ್ಟಿಯಲ್ಲಿ ಎಲ್ಲವೂ ಅಚ್ಚಾಗಿರುತ್ತಿತ್ತು. ಆದರೆ ಆ ಪಟ್ಟಿ ಓದಿದವರಿಗಿಂತ, ನೆಲದಡಿ ಎಷ್ಟು ಬ್ಯಾರಲ್ ಇದೆ ಎಂಬ ಅಂದಾಜು ಓದಿ ಷೇರು ಕೊಂಡವರೇ ಹೆಚ್ಚಿರಬೇಕು ಎಂದು ನನಗನ್ನಿಸುತ್ತದೆ.

ಗಲ್ಫ್ ಕೀಸ್ಟೋನ್ 2007ರ ನವೆಂಬರ್‌ನಲ್ಲಿ ಎರ್ಬಿಲ್‌ನಿಂದ ವಾಯವ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದ ಶೈಕಾನ್ ಪ್ರದೇಶದ ಒಪ್ಪಂದಕ್ಕೆ ಸಹಿ ಹಾಕಿತು. 2009ರ ಆಗಸ್ಟ್‌ನಲ್ಲಿ ಮೊದಲ ಬಾವಿಯಲ್ಲೇ ದೊಡ್ಡ ನಿಕ್ಷೇಪ ಸಿಕ್ಕಿದಾಗ ಕೆಲವೇ ಪೆನ್ಸ್ ಬೆಲೆಯ ಷೇರು ಏರತೊಡಗಿ, ದೊಡ್ಡ ಕಂಪನಿಯೊಂದು ಇದನ್ನು ಕೊಳ್ಳಲಿದೆ ಎಂಬ ಗಾಳಿಮಾತಿನ ಬಲದಲ್ಲಿ 2012ರ ಆರಂಭಕ್ಕೆ 4 ಪೌಂಡ್ ದಾಟಿತು. ಕೊಳ್ಳುವವರು ಬರಲಿಲ್ಲ. ಶೈಕಾನ್‌ನಲ್ಲಿ ಪಾಲು ಕೇಳಿ ಎಕ್ಸ್‌ಕ್ಯಾಲಿಬರ್ ವೆಂಚರ್ಸ್ ಎಂಬ ಸಂಸ್ಥೆ ಲಂಡನ್ನಿನಲ್ಲಿ ಹೂಡಿದ್ದ ದಾವೆ ಮೂರು ವರ್ಷ ಕಂಪನಿಯನ್ನು ಕಾಡಿ 2013ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು.

ಅಷ್ಟರಲ್ಲಿ ರಫ್ತಿನ ಹಾದಿಯಲ್ಲೇ ಮುಳ್ಳು ಎದ್ದಿತ್ತು. 2009ರ ಜೂನ್‌ನಲ್ಲಿ ಕುರ್ದಿಸ್ತಾನದ ತೈಲ ಒಕ್ಕೂಟದ ಕೊಳವೆಮಾರ್ಗದ ಮೂಲಕ ಸಂಭ್ರಮದಿಂದಲೇ ಹೊರಟಿತ್ತು, ಕಂಪನಿಗಳಿಗೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಆ ಶರತ್ಕಾಲದಲ್ಲೇ ನಿಂತಿತು. 2011ರಲ್ಲಿ ಮತ್ತೆ ಹರಿಯಿತು, 2012ರಲ್ಲಿ ಮತ್ತೆ ನಿಂತಿತು. ಕೊನೆಗೆ ಎರ್ಬಿಲ್ ತನ್ನದೇ ಕೊಳವೆಯನ್ನು ಟರ್ಕಿಯ ಗಡಿಯವರೆಗೆ ಎಳೆದು, 2014ರ ಮೇ ತಿಂಗಳಲ್ಲಿ ಬಾಗ್ದಾದ್‌ನ ಒಪ್ಪಿಗೆಯಿಲ್ಲದೆ ಜೇಹಾನ್‌ನಿಂದ ಹಡಗಿಗೆ ತೈಲ ತುಂಬಿತು. ಬಾಗ್ದಾದ್ ಕೂಡಲೇ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆ ನ್ಯಾಯಮಂಡಳಿಯಲ್ಲಿ ಟರ್ಕಿಯ ವಿರುದ್ಧ ದೂರು ಹೂಡಿತು: ಇರಾಕಿನ ಸರ್ಕಾರಿ ತೈಲ ಮಾರಾಟ ಸಂಸ್ಥೆ ‘ಸೋಮೊ’ದ ಅನುಮತಿಯಿಲ್ಲದೆ ತೈಲ ತುಂಬಿಸಿದ್ದು 1973ರ ಒಪ್ಪಂದದ ಉಲ್ಲಂಘನೆ ಎಂಬುದು ಅದರ ವಾದ. ಆ ಬೇಸಿಗೆಯಲ್ಲಿ ಸುಮಾರು 10 ಲಕ್ಷ ಬ್ಯಾರಲ್ ಕುರ್ದಿಶ್ ತೈಲ ಹೊತ್ತ ‘ಯುನೈಟೆಡ್ ಕಲವ್ರಿಟಾ’ ಎಂಬ ಹಡಗು ಅಮೆರಿಕದ ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್ ಬಳಿ, ನ್ಯಾಯಾಲಯದ ವ್ಯಾಜ್ಯದಿಂದಾಗಿ ಸರಕು ಇಳಿಸಲಾಗದೆ ವಾರಗಟ್ಟಲೆ ಲಂಗರು ಹಾಕಿ ನಿಂತಿತ್ತು. ಪ್ಯಾರಿಸ್‌ನ ದೂರು ಇತ್ಯರ್ಥವಾಗಲು ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತೂ ವರ್ಷ ಕುರ್ದಿಸ್ತಾನದ ಪ್ರತಿಯೊಂದು ತೈಲ ಷೇರಿನ ಬೆನ್ನಿಗೆ ಅದು ಅಂಟಿಕೊಂಡಿತ್ತು, ಆದರೆ ಬೆಲೆ ಏರುವ ದಿನಗಳಲ್ಲಿ ಅದರ ನೆನಪಾದವರು ವಿರಳ.

2014ರ ಜೂನ್‌ನಲ್ಲಿ ಐಸಿಸ್ ಮೊಸುಲ್ ನಗರವನ್ನು ಹಿಡಿಯಿತು, ವರ್ಷದ ಕೊನೆಗೆ ಜಾಗತಿಕ ತೈಲ ಬೆಲೆ ಕುಸಿಯಿತು, ಎರ್ಬಿಲ್‌ನ ಬೊಕ್ಕಸ ಬರಿದಾಗಿ ಕಂಪನಿಗಳ ಬಾಕಿ ಬೆಳೆಯಿತು. ಸಾಲಪತ್ರಗಳ ಮೂಲಕ ಹಣ ಎತ್ತಿದ್ದ ಗಲ್ಫ್ ಕೀಸ್ಟೋನ್‌ಗೆ 2016ರಲ್ಲಿ ಸಾಲ ತೀರಿಸುವ ಬೇರೆ ದಾರಿ ಉಳಿಯಲಿಲ್ಲ. 50 ಕೋಟಿ ಡಾಲರಿಗೂ ಹೆಚ್ಚಿನ ಸಾಲವನ್ನು ಷೇರಾಗಿ ಪರಿವರ್ತಿಸಲಾಯಿತು. ಹೊಸದಾಗಿ ಹಣ ಹಾಕದ ಹಳೆಯ ಷೇರುದಾರರೆಲ್ಲರ ಒಟ್ಟು ಪಾಲು ಶೇಕಡಾ 5ಕ್ಕೆ ಇಳಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ 100 ಹಳೆಯ ಷೇರುಗಳನ್ನು ಒಂದು ಹೊಸ ಷೇರಾಗಿ ಕೂಡಿಸಲಾಯಿತು. 10,000 ಷೇರು ಇಟ್ಟುಕೊಂಡವರ ಖಾತೆಯಲ್ಲಿ ಒಂದು ಬೆಳಿಗ್ಗೆ 100 ಕಂಡಿತು. ಕೂಡಿಸುವಿಕೆಯಿಂದ ಯಾರಿಗೂ ನಷ್ಟವಿಲ್ಲ, ಅದು ಲೆಕ್ಕದ ಬದಲಾವಣೆಯಷ್ಟೇ ಎಂಬುದು ನಿಜ. ನಷ್ಟ ಅದಕ್ಕೆ ಮೊದಲೇ ಆಗಿಹೋಗಿತ್ತು. ಶೈಕಾನ್‌ನ ಬಾವಿಗಳು ಮಾತ್ರ ಮೊದಲಿನ ಹಾಗೆಯೇ ತೈಲ ಕೊಡುತ್ತಿದ್ದವು: ನೆಲದ ಬಗ್ಗೆ ಹೂಡಿಕೆದಾರರ ಊಹೆ ಪೂರ್ತಿ ತಪ್ಪಿರಲಿಲ್ಲ.

ಮುಂದಿನ ಆರು ವರ್ಷ ತುಸು ನೆಮ್ಮದಿಯವು. ಕುರ್ದಿಸ್ತಾನದ ಸ್ವಾತಂತ್ರ್ಯದ ಬಗ್ಗೆ ನಡೆದ 2017ರ ಜನಮತಗಣನೆ, ಅದರ ಬೆನ್ನಿಗೆ ಕುರ್ದರ ಹಿಡಿತದಲ್ಲಿದ್ದ ಕಿರ್ಕುಕ್ ಮರಳಿ ಬಾಗ್ದಾದ್‌ನ ಕೈಸೇರಿದ್ದು, 2020ರ ಕೋವಿಡ್ ಕುಸಿತ ಎಲ್ಲವನ್ನೂ ದಾಟಿ 2022ರಲ್ಲಿ ಕಂಪನಿ 20 ಕೋಟಿ ಡಾಲರಿಗೂ ಹೆಚ್ಚು ಲಾಭಾಂಶ ಹಂಚಿತು. ಆದರೆ ಅದೇ 2022ರ ಫೆಬ್ರವರಿ 15ರಂದು ಇರಾಕಿನ ಒಕ್ಕೂಟ ಸರ್ವೋಚ್ಚ ನ್ಯಾಯಾಲಯ ಎರ್ಬಿಲ್‌ನ 2007ರ ತೈಲ ಕಾಯ್ದೆ ಸಂವಿಧಾನಬಾಹಿರ ಎಂದು ತೀರ್ಪು ನೀಡಿತ್ತು. ಒಂದು ಕೈಯಲ್ಲಿ ಲಾಭಾಂಶ, ಇನ್ನೊಂದು ಕೈಯಲ್ಲಿ ಬುಡ ಅಲುಗಿದ ಒಪ್ಪಂದ. ಲಾಭಾಂಶದ ಮಾತೇ ಹೆಚ್ಚು ಕೇಳಿಸಿತು.

2023ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ತೀರ್ಪು ಹೊರಬಿತ್ತು. 2014ರಿಂದ 2018ರವರೆಗಿನ ಅವಧಿಗೆ ಟರ್ಕಿ ಇರಾಕಿಗೆ ಸುಮಾರು 150 ಕೋಟಿ ಡಾಲರ್ ಕೊಡಬೇಕು ಎಂಬುದು ಅದರ ಸಾರ. ಮಾರ್ಚ್ 25ರಂದು ಟರ್ಕಿ ಹರಿವನ್ನು ನಿಲ್ಲಿಸಿತು. ದಿನಕ್ಕೆ ಸುಮಾರು 4.5 ಲಕ್ಷ ಬ್ಯಾರಲ್, ಅಂದರೆ ಜಗತ್ತಿನ ಪೂರೈಕೆಯ ಶೇಕಡಾ ಅರ್ಧದಷ್ಟು, ಒಂದೇ ದಿನದಲ್ಲಿ ಮಾಯವಾಯಿತು. ಏಪ್ರಿಲ್ 4ರಂದು ಬಾಗ್ದಾದ್ ಮತ್ತು ಎರ್ಬಿಲ್ ತಾತ್ಕಾಲಿಕ ಒಪ್ಪಂದಕ್ಕೆ ಬಂದಾಗ ಇದು ಕೆಲವು ವಾರಗಳ ಮಾತು ಎಂದು ಬಹುತೇಕರು ಭಾವಿಸಿದರು. ಶೈಕಾನ್‌ನ ದಾಸ್ತಾನು ತೊಟ್ಟಿಗಳು ತುಂಬಿದವು, ಏಪ್ರಿಲ್ ಮಧ್ಯಕ್ಕೆ ಉತ್ಪಾದನೆ ನಿಂತಿತು, ಲಾಭಾಂಶವೂ ನಿಂತಿತು.

ಮಾತುಕತೆ ಏಕೆ ಮುಂದೆ ಸಾಗಲಿಲ್ಲ? ಅದು ಒಂದು ಮಾತುಕತೆಯೇ ಆಗಿರಲಿಲ್ಲ. ಪರಿಹಾರದ ಹಣ ಮತ್ತು 2018ರ ನಂತರದ ಅವಧಿಯ ಇನ್ನೊಂದು ದಾವೆಯ ಬಗ್ಗೆ ಬಾಗ್ದಾದ್ ಮತ್ತು ಅಂಕಾರಾ ಒಂದೆಡೆ ಮಾತಾಡುತ್ತಿದ್ದವು. ಬಜೆಟ್ ಪಾಲು ಹಾಗೂ ಪ್ರಾಂತದ ನೌಕರರ ಸಂಬಳದ ಬಗ್ಗೆ ಬಾಗ್ದಾದ್ ಮತ್ತು ಎರ್ಬಿಲ್ ಇನ್ನೊಂದೆಡೆ. ತಮ್ಮ ಒಪ್ಪಂದದ ಶರತ್ತು ಮತ್ತು ಹಳೆಯ ಬಾಕಿಯ ಬಗ್ಗೆ ‘ಅಪಿಕುರ್’ ಎಂಬ ಒಕ್ಕೂಟ ಕಟ್ಟಿಕೊಂಡ ಕಂಪನಿಗಳು ಮತ್ತೊಂದೆಡೆ. ಒಂದು ಕಡೆ ಗಂಟು ಸಡಿಲವಾದರೆ ಇನ್ನೊಂದು ಕಡೆ ಬಿಗಿಯುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಕೊಳವೆಮಾರ್ಗ ಬಳಕೆಗೆ ಸಿದ್ಧವಿದೆ ಎಂದು ಟರ್ಕಿ ಘೋಷಿಸಿದಾಗ, ತೈಲ ಒಪ್ಪಿಸಿದರೆ ಬ್ಯಾರಲ್‌ಗೆ ಎಷ್ಟು ಕೊಡುತ್ತಾರೆ ಎಂಬುದೇ ಇತ್ಯರ್ಥವಾಗಿರಲಿಲ್ಲ. ಷೇರುದಾರ ಈ ಮೂರೂ ಕಡೆ ಎಲ್ಲೂ ಇರಲಿಲ್ಲ. ಅದೇ ಅವಧಿಯಲ್ಲಿ ಕುರ್ದಿಸ್ತಾನದ ಸುಲೈಮಾನಿಯಾ ನಗರದ ಶಿಕ್ಷಕರು ತಿಂಗಳುಗಟ್ಟಲೆ ಸಂಬಳ ಸಿಗದೆ ಮುಷ್ಕರ ಹೂಡಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಷೇರಿನ ಬೆಲೆಗಿಂತ ದೊಡ್ಡ ಬೆಲೆ ತೆತ್ತವರು ಅವರು.

ಕೊಳವೆ ಮುಚ್ಚಿದ ಮೇಲೆ ಕಂಪನಿಯನ್ನು ಬದುಕಿಸಿದ್ದು ಲಾರಿಗಳು. 2023ರ ಜುಲೈನಿಂದ ಶೈಕಾನ್‌ನ ತೈಲವನ್ನು ಸ್ಥಳೀಯ ವ್ಯಾಪಾರಿಗಳು ಮುಂಗಡ ಹಣ ಕಟ್ಟಿ ಕೊಂಡು, ಟ್ಯಾಂಕರ್ ಲಾರಿಗಳಲ್ಲಿ ತುಂಬಿಸಿಕೊಂಡು ಹೋಗತೊಡಗಿದರು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬ್ಯಾರಲ್‌ಗೆ 80 ಡಾಲರ್ ಆಸುಪಾಸಿದ್ದಾಗ ಇಲ್ಲಿ ಸಿಗುತ್ತಿದ್ದದ್ದು 25ರಿಂದ 30 ಡಾಲರ್. ಆದರೂ ಆ ಹಣ ತಡವಿಲ್ಲದೆ ಕೈಸೇರುತ್ತಿತ್ತು. ರಫ್ತಿನ ಕಾಲದಲ್ಲಿ ಹಾಗಿರಲಿಲ್ಲ. 2022ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ರಫ್ತಾದ ತೈಲಕ್ಕೆ ಈ ಕಂಪನಿಯೊಂದಕ್ಕೇ ಬರಬೇಕಿದ್ದ 15.1 ಕೋಟಿ ಡಾಲರ್ ಇನ್ನೂ ಬಾಕಿಯಿತ್ತು. ಹೀಗಾಗಿ 2024ರಲ್ಲಿ ಸರಾಸರಿ ದಿನಕ್ಕೆ 40,000 ಬ್ಯಾರಲ್ ದಾಟಿದ ಲಾರಿ ಮಾರಾಟದ ಬಲದಲ್ಲೇ ಲಾಭಾಂಶ ಮರಳಿತು. ಹೂಡಿಕೆದಾರರ ನಡುವೆ ಹೊಸ ಪ್ರಶ್ನೆಯೂ ಹುಟ್ಟಿತು: ಕಡಿಮೆ ಬೆಲೆಯ ನಗದು ಒಳ್ಳೆಯದೋ, ಹೆಚ್ಚು ಬೆಲೆಯ ಉದ್ದರಿಯೋ?

2025ರ ಫೆಬ್ರವರಿ 2ರಂದು ಇರಾಕಿನ ಸಂಸತ್ತು ಬಜೆಟ್ ಕಾಯ್ದೆಗೆ ತಿದ್ದುಪಡಿ ತಂದು, ಸ್ವತಂತ್ರ ಸಲಹಾ ಸಂಸ್ಥೆಯೊಂದು ನಿಜವಾದ ವೆಚ್ಚವನ್ನು ಲೆಕ್ಕ ಹಾಕುವವರೆಗೆ ಬ್ಯಾರಲ್‌ಗೆ 16 ಡಾಲರ್ ಕೊಡಲು ಒಪ್ಪಿತು. ರಫ್ತು ಇನ್ನೇನು ಕೆಲವೇ ದಿನಗಳಲ್ಲಿ ಎಂದು ತೈಲ ಸಚಿವರು ಅದೇ ತಿಂಗಳು ಹೇಳಿದರು. ಪಾವತಿಯ ಖಾತರಿ ಲಿಖಿತವಾಗಿ ಸಿಗದೆ ತೈಲ ಬಿಡುವುದಿಲ್ಲ ಎಂದು ಎಂಟು ಕಂಪನಿಗಳು ಉತ್ತರಿಸಿದವು. ಇಂಥ ಪ್ರತಿ ಹೇಳಿಕೆಗೂ ಷೇರು ಜಿಗಿಯುವುದು, ವಾರ ಕಳೆದು ಏನೂ ಆಗದಿದ್ದಾಗ ಇಳಿಯುವುದು ವಾಡಿಕೆಯಾಗಿತ್ತು. ‘ಶೀಘ್ರದಲ್ಲೇ’ ಎಂಬ ಪದವನ್ನು ನಂಬಿ ಕೊಂಡವರು ಅದೇ ಪದವನ್ನು ಶಪಿಸುತ್ತ ಮಾರಿದರು. ಜುಲೈನಲ್ಲಿ ಕುರ್ದಿಸ್ತಾನದ ಹಲವು ತೈಲಕ್ಷೇತ್ರಗಳ ಮೇಲೆ ಡ್ರೋನ್ ದಾಳಿ ನಡೆದು, ಮುನ್ನೆಚ್ಚರಿಕೆಯಾಗಿ ಶೈಕಾನ್‌ನಲ್ಲೂ ಕೆಲಕಾಲ ಕೆಲಸ ನಿಲ್ಲಿಸಬೇಕಾಯಿತು. ಅದೇ ತಿಂಗಳು ಟರ್ಕಿ, 1973ರ ಒಪ್ಪಂದವು 2026ರ ಜುಲೈ 27ಕ್ಕೆ ಕೊನೆಗೊಳ್ಳಲಿದೆ ಎಂದು ಸೂಚನೆ ನೀಡಿತು.

2025ರ ಸೆಪ್ಟೆಂಬರ್ 27ರ ಬೆಳಿಗ್ಗೆ ತೈಲ ಮತ್ತೆ ಹರಿಯಿತು. ಗಲ್ಫ್ ಕೀಸ್ಟೋನ್ ಸೇರಿದಂತೆ ಎಂಟು ಕಂಪನಿಗಳು ಬಾಗ್ದಾದ್ ಮತ್ತು ಎರ್ಬಿಲ್ ಜೊತೆ ಸಹಿ ಹಾಕಿದ ಮಧ್ಯಂತರ ಒಪ್ಪಂದದ ಪ್ರಕಾರ ತೈಲವನ್ನು ಮಾರುವುದು ಸೋಮೊ; ಕಂಪನಿಗಳಿಗೆ 16 ಡಾಲರ್ ಮೌಲ್ಯದ ಪಾಲು ತೈಲದ ರೂಪದಲ್ಲೇ ಸಲ್ಲುತ್ತದೆ; ಮೂಲ ಒಪ್ಪಂದದಂತೆ ಸಿಗಬೇಕಾದದ್ದಕ್ಕೂ ಇದಕ್ಕೂ ಇರುವ ಅಂತರವನ್ನು ಸಲಹಾ ಸಂಸ್ಥೆಯ ಲೆಕ್ಕ ಬಂದ ಮೇಲೆ ತುಂಬಿಕೊಡಬೇಕು. ಬಾಕಿಯ ವಿಷಯ ಸ್ಪಷ್ಟವಾಗದೆ ತಾನು ಸೇರುವುದಿಲ್ಲ ಎಂದು ಡಿಎನ್‌ಒ ಹೊರಗುಳಿದು ಸ್ಥಳೀಯ ಮಾರಾಟವನ್ನೇ ಮುಂದುವರಿಸಿತು. ಮಧ್ಯಂತರ ಒಪ್ಪಂದಕ್ಕೆ ಮೊದಲಿಗೆ ಹಾಕಿಕೊಂಡ ಗಡುವು ಅದೇ ವರ್ಷದ ಡಿಸೆಂಬರ್ 31. ಆ 15.1 ಕೋಟಿ ಡಾಲರ್ ಬಾಕಿಯನ್ನು ಹೇಗೆ ತೀರಿಸಬೇಕೆಂಬ ಮಾತುಕತೆಯನ್ನು ರಫ್ತು ಶುರುವಾದ ನಂತರಕ್ಕೆ ಬಿಡಲಾಯಿತು.