ಅಂಗೈ ಬೇಗ ಕೆಂಪಾದರೆ ಹಾರ್ಟಲ್ಲಿ ಬ್ಲಾಕ್ ಇಲ್ಲ ಅಂತಲಾ?

ಪ್ರಶ್ನೆ: ಅಪ್ಪನಿಗೆ ಆಂಜಿಯೋಗ್ರಾಂ ಮಾಡುವ ಮೊದಲು ಡಾಕ್ಟರು ಮಣಿಕಟ್ಟನ್ನು ಒತ್ತಿ ಹಿಡಿದು ಬಿಟ್ಟರು. ಬೆಳ್ಳಗಾದ ಅಂಗೈ ತಕ್ಷಣ ಕೆಂಪಾಯಿತು. ಹಾಗಾದರೆ ಬ್ಲಾಕ್ ಇಲ್ಲ ಅಲ್ವಾ? ಆಂಜಿಯೋಗ್ರಾಂ ಯಾಕೆ ಬೇಕು?

ಬೇಕು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ, ಇರಲಿ, ಈ ಸಲ ಬಿಡಿಸಿಯೇ ಹೇಳುತ್ತೇನೆ.

ಅಂಗೈಗೆ ರಕ್ತ ಬರುವುದು ಎರಡು ರಕ್ತನಾಳಗಳಿಂದ. ಹೆಬ್ಬೆರಳಿನ ಕಡೆ ರೇಡಿಯಲ್, ಕಿರುಬೆರಳಿನ ಕಡೆ ಅಲ್ನಾರ್. ಒಂದೇ ಸಂಪಿಗೆ ಕಾರ್ಪೊರೇಷನ್ ನೀರೂ ಬೋರ್ ನೀರೂ ಬೀಳುವ ಹಾಗೆ. ಆಂಜಿಯೋಗ್ರಾಂ ಟ್ಯೂಬು ಹೋಗುವುದು ರೇಡಿಯಲ್ ಒಳಗೆ. ಅಕಸ್ಮಾತ್ ಅದು ಮುಚ್ಚಿಕೊಂಡರೆ ಅಲ್ನಾರ್ ಒಂದೇ ಆ ಕೈಯನ್ನು ಸಾಕುತ್ತದಾ ಅಂತ ನೋಡುವುದಷ್ಟೇ ಈ ಅಲೆನ್ ಪರೀಕ್ಷೆ. ಮುಷ್ಟಿ ಬಿಗಿಸಿ, ಎರಡೂ ನಾಳ ಒತ್ತಿ, ಮುಷ್ಟಿ ಬಿಡಿಸಿ, ಕಿರುಬೆರಳಿನ ಕಡೆ ಮಾತ್ರ ಬಿಡುತ್ತಾರೆ. ಸಾಮಾನ್ಯವಾಗಿ 5ರಿಂದ 10 ಸೆಕೆಂಡಿನಲ್ಲಿ ಬಣ್ಣ ಬರಬೇಕು. ಮದರಂಗಿ ಹಚ್ಚಿದ ಕೈಯಾದರೆ ಬಣ್ಣ ನೋಡುವವರ ಪಾಡು ಕೇಳಬೇಡಿ.

ಈಗ ಹಾರ್ಟ್ ವಿಷಯ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳೇ ಬೇರೆ. ಮಹಾಧಮನಿ ಹೊರಡುವ ಜಾಗದಲ್ಲೇ ಅವು ಕವಲೊಡೆಯುತ್ತವೆ, ಕೈಗೆ ಹೋಗುವ ದಾರಿಯಲ್ಲಿ ಬರುವುದೇ ಇಲ್ಲ. ಮೂರು ಬ್ಲಾಕ್ ಇರುವವರ ಅಂಗೈಯೂ ಮೂರು ಸೆಕೆಂಡಿನಲ್ಲಿ ಕೆಂಪಾಗಬಹುದು. ಉಲ್ಟಾ, ಹಾರ್ಟ್ ಗಟ್ಟಿಯಾಗಿರುವವರ ಕೈ ಬಿಳಿಚಿಕೊಂಡೇ ಇರಬಹುದು, ಯಾಕೆಂದರೆ ಕೆಲವರಿಗೆ ಅಂಗೈಯಲ್ಲಿ ಆ ಎರಡು ನಾಳ ಸೇರುವ ಕಮಾನು ಹುಟ್ಟಿನಿಂದಲೇ ಪೂರ್ತಿ ಇರುವುದಿಲ್ಲ. ಬೆರಳನ್ನು ಜಾಸ್ತಿ ಚಾಚಿದರೂ ಅಂಗೈ ಸುಮ್ನೆ ಬೆಳ್ಳಗೆ ಕಾಣುತ್ತದೆ. 1929ರಲ್ಲಿ ಎಡ್ಗರ್ ಅಲೆನ್ ಅನ್ನುವ ಡಾಕ್ಟರು ಇದನ್ನು ಬರೆದಿದ್ದೂ ಹಾರ್ಟಿಗಲ್ಲ, ಬರ್ಗರ್ ಕಾಯಿಲೆಯವರ ಕೈಯ ನಾಳ ನೋಡಲಿಕ್ಕೆ. ಬೀಡಿ ಸಿಗರೇಟು ಸೇದುವವರ ಬೆರಳು ಕಪ್ಪಾಗಿ ಕೊಳೆಯುತ್ತದಲ್ಲ, ಅದೇ ಕಾಯಿಲೆ. ಅಂದ ಹಾಗೆ, ಈಗ ಎಷ್ಟೋ ಕಡೆ ಆಂಜಿಯೋಗ್ರಾಂಗೆ ಮುಂಚೆ ಈ ಪರೀಕ್ಷೆ ಮಾಡುವುದೇ ಇಲ್ಲ, ಮಾಡಿಲ್ಲ ಅಂತ ಜಗಳ ತೆಗೆಯಬೇಡಿ.

ಹೇಗೂ ಕೈ ಮಾತು ಬಂತು. ರಾತ್ರಿ ಕೈ ಜೋಮು ಹಿಡಿದರೆ "ರಕ್ತ ಓಡ್ತಿಲ್ಲ" ಅನ್ನುತ್ತೀರಿ. ಸಾಮಾನ್ಯವಾಗಿ ಅದು ನರದ ಮೇಲೆ ಬಿದ್ದ ಒತ್ತಡ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪದೇಪದೇ ಜೋಮು ಬಂದರೆ ಮಣಿಕಟ್ಟಿನ ನರ ತೋರಿಸಿ. ಆದರೆ ಕೈ ಇದ್ದಕ್ಕಿದ್ದ ಹಾಗೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋವು ಬಂದು ನಾಡಿಯೂ ಸಿಗದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ.